ಟೇಪು ಹಿಡಿದು ಕಾರು ನೋಡಲು ಹೋದದ್ದು

2025ರ ದಸರಾ ರಜೆಯಲ್ಲಿ ನಾವು ಯಾವ ತರಬೇತಿಗೂ ಹೋಗಲಿಲ್ಲ, ಯಾವ ನೆಂಟರ ಮನೆಗೂ ಹೋಗಲಿಲ್ಲ. ಕಾರು ನೋಡಿದೆವು. ನೋಡಿದೆವು ಅಂದರೆ ಗಾಜಿನಾಚೆ ನಿಂತು ನೋಡಿದ್ದಲ್ಲ. ಕೂತು, ಎದ್ದು, ಓಡಿಸಿ, ಬಗ್ಗಿ, ಟೇಪು ಹಿಡಿದು ಅಳೆದು ನೋಡಿದೆವು. ಶೋರೂಮಿನ ಹುಡುಗರು ನಮ್ಮ ಕೈಲಿದ್ದ ಟೇಪು ನೋಡಿ ಗಾರೆ ಮೇಸ್ತ್ರಿ ಬಂದರು ಅಂದುಕೊಂಡರೋ ಏನೋ!

ಸರಕಾರಿ ಮೇಷ್ಟ್ರು ಕಾರು ಕೊಳ್ಳುವುದು ಈಗ ದೊಡ್ಡ ಸುದ್ದಿಯಲ್ಲ. ನಮ್ಮ ಮಂಡಲದ ಮೀಟಿಂಗಿಗೆ ಹೋದರೆ ಮರದಡಿ ಏಳೆಂಟು ನಿಂತಿರುತ್ತವೆ. ಆದರೂ ಬರೆಯುತ್ತಿದ್ದೇವೆ, ಏಕೆಂದರೆ ನಾವು ಕೊಳ್ಳಲು ಹೊರಟದ್ದು ಅಂತಸ್ತಿಗಲ್ಲ. ಮೊದಲು ಅದನ್ನು ಹೇಳಿಬಿಡುತ್ತೇವೆ.

ಎರಡೂವರೆ ವರ್ಷದ ಹಿಂದೆ ಅಮ್ಮನನ್ನು ಕಣ್ಣು ತೋರಿಸಲು ಬೈಕಿನ ಮೇಲೆ ಹಿಂದೂಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ಊರು ದಾಟಿ ಮೊದಲ ತಿರುವಿನಲ್ಲಿ ಅವರ ಸೀರೆ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿತು. ಗಾಡಿಯ ವೇಗ ಮೂವತ್ತೂ ಇರಲಿಲ್ಲ. ಆದರೆ ಎಪ್ಪತ್ತು ದಾಟಿದ ಮೂಳೆ, ಸೊಂಟದ ಹತ್ತಿರ ಮುರಿಯಿತು. ಆಪರೇಷನ್ ಆಯಿತು, ಒಳಗೆ ರಾಡು ಹಾಕಿದರು. ಗಾಡಿ ಓಡಿಸುತ್ತಿದ್ದವರು ನಾವೇ. ಚಕ್ರದ ಪಕ್ಕದ ಸೀರೆಗಾರ್ಡು ಸಡಿಲವಾಗಿದೆ ಎಂದು ಒಂದು ತಿಂಗಳಿಂದ ಗೊತ್ತಿತ್ತು, ನಾಳೆ ಹಾಕಿಸಿದರಾಯಿತು ಅಂದುಕೊಂಡಿದ್ದವರೂ ನಾವೇ. ಅಮ್ಮ ಒಂದು ದಿನವೂ ಆ ಮಾತು ಎತ್ತಲಿಲ್ಲ. ಅದೇ ಹೆಚ್ಚು ಕಷ್ಟ.

ಅಮ್ಮನ ತವರು ಪಾವಗಡ ಸೀಮೆಯ ಹಳ್ಳಿ. ರಾಜ್ಯ ಬೇರೆ, ದಾರಿ ಒಂದು ಗಂಟೆಯದು. ಕಳೆದ ಬೇಸಿಗೆಯಲ್ಲಿ ಅಲ್ಲಿ ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ತೀರಿಕೊಂಡರು. ಬೆಳಗಿನ ಜಾವ ಫೋನು ಬಂತು. ಬಸ್ಸಿನ ಮೆಟ್ಟಿಲು ಅಮ್ಮ ಹತ್ತಲಾರರು. ಮದುವೆ ಸೀಜನ್ನು, ಬಾಡಿಗೆ ಕಾರುಗಳೆಲ್ಲ ಮದುವೆಗೆ ಹೋಗಿದ್ದವು. ಕಾರು ಸಿಕ್ಕಿ, ಅಮ್ಮನನ್ನು ಎತ್ತಿ ಕೂರಿಸಿ, ನಾವು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಎಲ್ಲರೂ ಸ್ನಾನಕ್ಕೆ ನಿಂತಿದ್ದರು. ಅಮ್ಮ ಕಾರಿನಲ್ಲಿ ಕೂತೇ ಅತ್ತರು, ಕೆಳಗೆ ಇಳಿಯಲಿಲ್ಲ. ಅವತ್ತು ವಾಪಸು ಬರುವಾಗ ನಮ್ಮ ಮನೆಯವರು, "ಸಾಲವಾದ್ರೂ ಆಗ್ಲಿ, ಒಂದು ಗಾಡಿ ತಗೊಂಡ್ಬಿಡೋಣ" ಅಂದರು.

ಇನ್ನು ದುಡ್ಡು. ನಾವು 2004ರ ನಂತರ ಕೆಲಸಕ್ಕೆ ಸೇರಿದವರು, ಸಿಪಿಎಸ್ ಗುಂಪಿನವರು. ಹಿರಿಯ ಮೇಷ್ಟ್ರುಗಳಂತೆ ಜಿಪಿಎಫ್‌ನಿಂದ ತೆಗೆಯೋಣ ಎಂದರೆ ಆ ಖಾತೆಯೇ ಇಲ್ಲ. ಎಪಿಜಿಎಲ್‌ಐ ಮೇಲೆ ಸ್ವಲ್ಪ ಸಾಲ, ಬ್ಯಾಂಕಿನದು ಸ್ವಲ್ಪ, ಮಗಳ ಓದಿಗೆಂದು ಇಟ್ಟಿದ್ದರಲ್ಲಿ ಸ್ವಲ್ಪ. ಮಗಳು ಇಂಟರ್ ಎರಡನೇ ವರ್ಷ. ಅವಳ ದುಡ್ಡು ಮುಟ್ಟುವ ಮುಂಚೆ ಅವಳನ್ನೇ ಕೇಳಿದೆವು. "ಅಜ್ಜಿಗೆ ತಾನೆ, ತಗೊಳಿ" ಅಂದಳು. ಹಾಗಾಗಿ ತೆರಿಗೆ, ವಿಮೆ ಎಲ್ಲ ಸೇರಿ ಎಂಟು ಲಕ್ಷ ಎಂದು ಗೆರೆ ಎಳೆದೆವು.

ಆ ಹೊತ್ತಿಗೆ ಸರಿಯಾಗಿ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯಿತು. ನಾಲ್ಕು ಮೀಟರಿನೊಳಗಿನ, ಪೆಟ್ರೋಲಾದರೆ 1200 ಸಿಸಿಯೊಳಗಿನ ಕಾರಿಗೆ ಮೊದಲು 28 ಜಿಎಸ್‌ಟಿ, 1 ಸೆಸ್ಸು ಸೇರಿ ನೂರಕ್ಕೆ 29 ಇತ್ತು. ಅದು 18 ಆಯಿತು. ತೆರಿಗೆಗೆ ಮುಂಚಿನ ಬೆಲೆ 5 ಲಕ್ಷವಾದರೆ ಮೊದಲು 1,45,000 ಕಟ್ಟಬೇಕಿತ್ತು, ಈಗ 90,000. ಉಳಿದದ್ದು 55,000. ಏಳನೇ ತರಗತಿಗೆ ಶೇಕಡಾ ಲೆಕ್ಕ ಹೇಳಿಕೊಡುವಾಗ ಇದನ್ನೇ ಕೊಟ್ಟೆವು. ಒಬ್ಬ ಹುಡುಗ ಲೆಕ್ಕ ಮುಗಿಸಿ, "ಸಾ, ಹಂಗಾದ್ರೆ ನೀವು ತಗಂತೀರಾ?" ಅಂದ. ಮಕ್ಕಳಿಗೆ ಮೊದಲು ಗೊತ್ತಾಗುತ್ತದೆ ನೋಡಿ.

ಸಲಹೆಗಳಿಗೆ ಬರವಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ಎರ್ಟಿಗಾ ಅಂದರು. ಒಳ್ಳೆಯ ಗಾಡಿಯೇ, ಆದರೆ ನಾಲ್ಕು ಮೀಟರು ದಾಟಿದ್ದು, ಅದಕ್ಕೆ ಈಗಲೂ 40 ತೆರಿಗೆ, ನಮ್ಮ ಗೆರೆಯಾಚೆ. ಇನ್ನೊಬ್ಬರು "ನಮ್ಮ ಜಿಲ್ಲೆ ಕಾರು ಬಿಟ್ಟು ಬೇರೆ ಯಾಕ್ರೀ?" ಅಂದರು. ಅವರು ಹೇಳಿದ್ದು ಕಿಯಾ. ಪೆನುಕೊಂಡ ಹತ್ತಿರದ ಎರ್ರಮಂಚಿಯಲ್ಲಿ ವರ್ಷಕ್ಕೆ ಮೂರು ಲಕ್ಷ ಕಾರು ಮಾಡುವ ಸಾಮರ್ಥ್ಯದ ಕಾರ್ಖಾನೆ ಎದ್ದು, 2019ರ ಆಗಸ್ಟ್‌ನಲ್ಲಿ ಮೊದಲ ಸೆಲ್ಟೋಸ್ ಹೊರಬಂತು. ಆಗ ಅದು ಅನಂತಪುರ ಜಿಲ್ಲೆ. 2022ರ ಏಪ್ರಿಲ್‌ನಿಂದ ಪೆನುಕೊಂಡವೂ ನಮ್ಮ ಮಡಕಶಿರವೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ರಾಯದುರ್ಗದವರು ಮಾತ್ರ ಹಳೆಯ ಅನಂತಪುರದಲ್ಲೇ ಉಳಿದರು. ನಮ್ಮಲ್ಲಿ ಐದನೆಯವರೆಗೆ ಕನ್ನಡದಲ್ಲಿ ಓದಿದ ಹುಡುಗನೊಬ್ಬ ಅಲ್ಲಿ ಕೆಲಸಕ್ಕಿದ್ದಾನೆ. ಒಮ್ಮೆ ಸಿಕ್ಕಾಗ, "ಸಾ, ಬಾಗಿಲು ಕೂರಿಸೋ ಲೈನಲ್ಲಿದೀನಿ" ಎಂದು ಹೆಮ್ಮೆಯಿಂದ ಹೇಳಿದ. ಆ ಬಾಗಿಲು ತೆಗೆದು ಕೂರಬೇಕೆಂಬ ಆಸೆ ನಮಗೂ ಇತ್ತು. ಆದರೆ ಏಳು ಜನ ಕೂರುವ ಕ್ಯಾರೆನ್ಸ್ ನಮ್ಮ ಗೆರೆಗಿಂತ ಬಹಳ ಮೇಲೆ. ಸೊನೆಟ್‌ನಲ್ಲಿ ನಮಗೆ ಬೇಕಾದ ಮಾದರಿಗೂ ಎಂಟು ಸಾಲುತ್ತಿರಲಿಲ್ಲ. ಊರಿನ ಅಭಿಮಾನಕ್ಕೆ ಕಂತು ಯಾರು ಕಟ್ಟುತ್ತಾರೆ!

ಕಡೆಗೆ ಮೂರು ಉಳಿದವು: ಮಾರುತಿ ವ್ಯಾಗನ್ ಆರ್, ರೆನೋ ಟ್ರೈಬರ್, ಟಾಟಾ ಪಂಚ್.

ಈಗ ಟೇಪಿನ ವಿಷಯ. ಅಮ್ಮ ಮನೆಯಲ್ಲಿ ಯಾರ ಸಹಾಯವೂ ಇಲ್ಲದೆ ಕೂತು ಏಳುವುದು ಒಂದೇ ಕುರ್ಚಿಯಲ್ಲಿ. ಹಳೆಯ ಮರದ ಕುರ್ಚಿ, ಮೇಲೆ ಒಂದು ದಿಂಬು. ನೆಲದಿಂದ ದಿಂಬಿನ ಮೇಲ್ಭಾಗಕ್ಕೆ ಅಳೆದರೆ 23 ಅಂಗುಲ. ಅದಕ್ಕಿಂತ ತಗ್ಗಾದರೆ ಏಳಲಾಗುವುದಿಲ್ಲ, ಬಹಳ ಎತ್ತರವಾದರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಶೋರೂಮಿನವರು ಮೈಲೇಜು, ಟಚ್ ಸ್ಕ್ರೀನು, ಡಿಕ್ಕಿ ಎಷ್ಟು ಲೀಟರು ಎಲ್ಲ ಬಾಯಿಪಾಠ ಒಪ್ಪಿಸುತ್ತಾರೆ. ಸೀಟು ನೆಲದಿಂದ ಎಷ್ಟು ಎತ್ತರ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದಕ್ಕೇ ನಾವೇ ಅಳೆದೆವು. ಬಾಗಿಲ ಕೆಳಗಿನ ಅಂಚು ಎಷ್ಟು ಎತ್ತರ ಎಂಬುದನ್ನೂ ಅಳೆದೆವು, ಏಕೆಂದರೆ ಮಡಚದ ಕಾಲು ಅದನ್ನು ದಾಟಬೇಕಲ್ಲ.

ಮೊದಲ ದಿನ ಅಮ್ಮನನ್ನು ಬಿಟ್ಟು ನಾವಿಬ್ಬರೇ ಹೋದೆವು. ಒಂದು ಕಡೆ ಓಡಿಸಲು ಕೊಟ್ಟದ್ದು ಹೈವೇ ಮೇಲೆ ಮೂರು ಕಿಲೋಮೀಟರು. ಹೋಗಿ ಒಂದು ಬಂಕಿನ ಹತ್ತಿರ ತಿರುಗಿಸಿಕೊಂಡು ಬಂದದ್ದು, ಅಷ್ಟೆ. ಇಬ್ಬರೇ ಕೂತು ಕನ್ನಡಿಯಂಥ ರಸ್ತೆಯಲ್ಲಿ ಹೋದರೆ ಯಾವ ಕಾರು ತಾನೆ ಚೆನ್ನಾಗಿಲ್ಲ? ನೋಟ್ಸ್ ನೋಡಿಕೊಂಡು ಪರೀಕ್ಷೆ ಬರೆದಹಾಗೆ. ಅಲ್ಲಿನ ಹುಡುಗ ಪೂರ್ತಿ ನಮ್ಮ ಜೊತೆಯೇ ಮಾತಾಡಿದ. ನಮ್ಮ ಮನೆಯವರು ಹಿಂದೆ ಕೂತು, "ಕ್ಲಚ್ಚು ಗಟ್ಟಿನಾ?" ಎಂದು ಎರಡು ಸಲ ಕೇಳಿದರೂ ಉತ್ತರ ಬರಲಿಲ್ಲ. ಅವರಿಗೆ ಲೈಸೆನ್ಸು ಇದೆ, ಮನೆಯಲ್ಲಿ ನಮಗಿಂತ ಚೆನ್ನಾಗಿ ಓಡಿಸುವವರೂ ಅವರೇ. "ಈಗ ನಾನು ಓಡಿಸ್ತೀನಿ, ನೀವಿಳೀರಿ" ಎಂದು ನಮ್ಮನ್ನು ಇಳಿಸಿ ಸ್ಟೇರಿಂಗ್ ಹಿಡಿದರು. ಸೀಟು ಮುಂದಕ್ಕೆಳೆದು, ಎತ್ತರಿಸಿ, ಕನ್ನಡಿ ಸರಿಮಾಡಿ, ಬಾನೆಟ್ಟಿನ ತುದಿ ಕಾಣುತ್ತದಾ ಎಂದು ನೋಡಿ ಹೊರಟರು. ಆಮೇಲೆ ಆ ಹುಡುಗ ಮೇಡಮ್ಮನವರ ಜೊತೆಯೇ ಮಾತಾಡಿದ ಎಂಬುದನ್ನು ಬರೆಯಲೇಬೇಕು.

ಒಂದು ಉಪಾಯ ಹೇಳುತ್ತೇವೆ. ವಾರದ ನಡುವೆ ಹೋಗಿ. ಭಾನುವಾರ ಜನ ಜಾಸ್ತಿ, ಗಡಿಬಿಡಿ. ನಾವು ಮಂಗಳವಾರ ಹೋಗಿ, "ಅಮ್ಮನಿಗೆ ಬರಲಾಗುವುದಿಲ್ಲ, ಗಾಡಿ ಮನೆಗೇ ತನ್ನಿ" ಅಂದೆವು. ಮಂಗಳವಾರ ಯಾರು ಕಾರು ಕೊಳ್ಳುತ್ತಾರೆ! ಮೂರು ಕಡೆಯವರೂ ಒಪ್ಪಿದರು. ಲೈಸೆನ್ಸಿನ ನಕಲು ಒಂದು ಕೊಟ್ಟರೆ ಸಾಕು. ಮತ್ತೊಂದು, ನೀವು ಕೊಳ್ಳುವ ಎಂಜಿನ್ನಿನ, ಅದೇ ಗೇರಿನ ಗಾಡಿಯನ್ನೇ ತರಲು ಹೇಳಿ. ಒಬ್ಬರು ನಾವು ಕೇಳಿದ್ದು ಬಿಟ್ಟು ಮೇಲಿನ ಮಾದರಿ ತಂದು ಆಸೆ ಹುಟ್ಟಿಸಲು ನೋಡಿದರು.

ಮನೆಗೆ ಬಂದಮೇಲೆ ಪರೀಕ್ಷೆ ನಮ್ಮದು. ಮೂರಕ್ಕೂ ಒಂದೇ ಪ್ರಶ್ನೆಪತ್ರಿಕೆ. ಐದು ಜನ ಕೂರುವುದು, ಡಿಕ್ಕಿಯಲ್ಲಿ 25 ಕೆಜಿ ಅಕ್ಕಿ ಮೂಟೆ, ಎಸಿ ಪೂರ್ತಿ. ಮನೆಯಿಂದ ಕೆರೆ ಏರಿ, ಅಲ್ಲಿಂದ ರೇಷ್ಮೆ ತೋಟದ ಪಕ್ಕದ ಗಾಡಿ ದಾರಿ, ಶಾಲೆ ಮುಂದಿನ ಏರು, ಆಮೇಲೆ ಹಿಂದೂಪುರ ರಸ್ತೆಗೆ ಸೇರಿ ವಾಪಸು. ಕಡಲೆಕಾಯಿ ಗಿಡ ಒಣಗಲು ರಸ್ತೆ ಮೇಲೇ ಹಾಕಿದ್ದರು, ಹಾಗಾಗಿ ಅರ್ಧ ರಸ್ತೆಯಲ್ಲಿ ಹೋಗುವ ಪರೀಕ್ಷೆಯೂ ಪುಕ್ಕಟೆಯಾಗಿ ಆಯಿತು!

ಟ್ರೈಬರ್ ಮೊದಲು ಬಂತು. ನಾಲ್ಕು ಮೀಟರಿನೊಳಗೆ ಏಳು ಸೀಟು ಕೂರಿಸಿದ್ದಾರೆ, ಜಾಣತನವೇ. ಹಿಂದಿನ ಸಾಲು ಬಿಚ್ಚಿ ತೆಗೆದರೆ 625 ಲೀಟರ್ ಜಾಗ, ಇಟ್ಟರೆ ಬರೀ 84. ನಮಗೆ ಇದರ ಮೇಲೆ ಮನಸ್ಸಾಗಲು ಬೇರೆ ಕಾರಣವಿತ್ತು. ಭಾಷಣ, ರಸಪ್ರಶ್ನೆ ಎಂದು ಮಕ್ಕಳನ್ನು ಆಚೆ ಊರಿಗೆ ಕರೆದೊಯ್ಯುವಾಗ ಆಟೋದಲ್ಲಿ ಒಂಬತ್ತು ಜನ ತುಂಬುತ್ತೇವೆ. ಇದಾದರೆ ಐದಾರು ಮಕ್ಕಳು ಬೆಲ್ಟು ಹಾಕಿ ಕೂರಬಹುದಲ್ಲ ಎಂಬ ಲೆಕ್ಕ. ಆದರೆ 999 ಸಿಸಿ, 72 ಅಶ್ವಶಕ್ತಿ. ಶಾಲೆ ಮುಂದಿನ ಏರಿನಲ್ಲಿ ಎರಡನೇ ಗೇರಿನಲ್ಲಿ ಏದುಸಿರು ಬಿಟ್ಟಿತು. ಎಸಿ ಆರಿಸಿದ ಮೇಲೆ ಏರಿತು. ಐದು ಜನಕ್ಕೇ ಹೀಗಾದರೆ ಏಳಕ್ಕೆ? ನಮ್ಮ ಮನೆಯವರು ಇನ್ನೊಂದು ಮಾತು ಹೇಳಿದರು: "ಬೇರೆಯವರ ಮಕ್ಕಳನ್ನ ವರ್ಷಕ್ಕೆ ಎರಡು ಸಲ ಕರ್ಕೊಂಡ್ಹೋಗೋಕೆ ವರ್ಷಪೂರ್ತಿ ಅತ್ತೆಗೆ ಆಗ್ದಿರೋ ಗಾಡಿ ತಗೊಳ್ತೀರಾ?" ಅಮ್ಮನಿಗೆ ಅದರಲ್ಲಿ ಹತ್ತಲು ತೊಂದರೆಯೇನೂ ಆಗಲಿಲ್ಲ, ನಿಜ ಹೇಳಬೇಕು. ಬೇಡವಾದದ್ದು ಏರಿಗಾಗಿ.

ವ್ಯಾಗನ್ ಆರ್ ಬಂದಾಗ ಅಮ್ಮ ಯಾರ ಕೈಯನ್ನೂ ಹಿಡಿಯಲಿಲ್ಲ. ಬಾಗಿಲು ತೆಗೆದೆವು, ಕುರ್ಚಿಯಲ್ಲಿ ಕೂರುವಂತೆ ಕೂತರು. ಟೇಪಿನಲ್ಲಿ ನೋಡಿದರೆ ಕುರ್ಚಿಗೂ ಸೀಟಿಗೂ ಒಂದು ಅಂಗುಲವೂ ವ್ಯತ್ಯಾಸವಿಲ್ಲ. 1999ರಲ್ಲಿ ಇದು ನಮ್ಮ ದೇಶಕ್ಕೆ ಬಂದಾಗ ಡಬ್ಬಿ ಎಂದು ನಕ್ಕಿದ್ದೆವು. ವಯಸ್ಸಾದವರಿರುವ ಮನೆಗಳಲ್ಲಿ ಇಷ್ಟು ವರ್ಷ ಏಕೆ ಕೊಂಡರು ಎಂದು ಈಗ ಅರ್ಥವಾಯಿತು. ತಲೆ ಬಗ್ಗಿಸಬೇಕಿಲ್ಲ, ಕಾಲು ಚಾಚಬಹುದು. ಕ್ಲಚ್ಚು ಬೆಣ್ಣೆ, ಇಕ್ಕಟ್ಟಿನ ಓಣಿಯಲ್ಲಿ ಒಂದೇ ಸಲಕ್ಕೆ ತಿರುಗಿತು. ಗಾಡಿ ದಾರಿಯಲ್ಲಿ ಮಾತ್ರ ಐದು ಜನರ ಭಾರಕ್ಕೆ ಎರಡು ಕಡೆ ಹೊಟ್ಟೆ ತಗುಲಿತು. 165 ಮಿಲಿಮೀಟರ್ ಎಂದು ಕಾಗದದಲ್ಲಿ ಬರೆದಿರುವುದು ಖಾಲಿ ಗಾಡಿಗೆ, ಜನ ಕೂತಮೇಲೆ ಅದು ಇಳಿಯುತ್ತದೆ. ನಮ್ಮ ಮನೆಯವರ ಮನಸ್ಸು ಅಲ್ಲೇ ನಿಂತಿತು. ಮೈಲೇಜಿನ ಲೆಕ್ಕವೂ ಅವರ ಕಡೆಗೇ. ತಿಂಗಳಿಗೆ 600 ಕಿಲೋಮೀಟರ್ ಓಡಿಸಿದರೆ, ಕಂಪನಿ ಹೇಳುವಂತೆ 24 ಕೊಡುವ ಗಾಡಿಗೆ 25 ಲೀಟರು, 19 ಕೊಡುವ ಗಾಡಿಗೆ ಸುಮಾರು ಮೂವತ್ತೊಂದೂವರೆ. ಆಂಧ್ರದಲ್ಲಿ ಪೆಟ್ರೋಲು ಆಗ ಕರ್ನಾಟಕಕ್ಕಿಂತ ಲೀಟರಿಗೆ ಆರೇಳು ರೂಪಾಯಿ ಜಾಸ್ತಿ. ಗಡಿಯಾಚೆ ಹೋಗಿ ತುಂಬಿಸಿಕೊಂಡು ಬರುವುದು ನಮ್ಮೂರಿನವರಿಗೆಲ್ಲ ಅಭ್ಯಾಸ. ಹೇಗೆ ಲೆಕ್ಕ ಹಾಕಿದರೂ ತಿಂಗಳಿಗೆ ಏಳುನೂರು ರೂಪಾಯಿಯ ವ್ಯತ್ಯಾಸ.

ಅವತ್ತು ರಾತ್ರಿ ಮಗಳು ಮೊಬೈಲು ಹಿಡಿದು ಬಂದು ಪಕ್ಕದಲ್ಲಿ ಕೂತಳು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಡ್ಡಗೋಡೆಗೆ ಗುದ್ದಿಸಿ, ಒಳಗಿನ ಬೊಂಬೆಗಳಿಗೆ ಎಷ್ಟು ಪೆಟ್ಟಾಯಿತು ಎಂದು ನೋಡಿ ನಕ್ಷತ್ರ ಕೊಡುತ್ತದೆ. 2023ರಲ್ಲಿ ವ್ಯಾಗನ್ ಆರ್‌ಗೆ ಕೊಟ್ಟದ್ದು ದೊಡ್ಡವರ ರಕ್ಷಣೆಗೆ ಒಂದು, ಮಕ್ಕಳ ರಕ್ಷಣೆಗೆ ಸೊನ್ನೆ. ಪಂಚ್‌ಗೆ 2021ರಲ್ಲಿ ಐದು ಮತ್ತು ನಾಲ್ಕು. "ಅಪ್ಪ, 2022ರಲ್ಲಿ ನಿಯಮ ಬಿಗಿ ಮಾಡಿದಾರೆ, ಅದಕ್ಕೇ ಎರಡನ್ನೂ ನೇರ ಹೋಲಿಸೋಕಾಗಲ್ಲ" ಎಂದೂ ಅವಳೇ ಹೇಳಿದಳು. ನ್ಯಾಯವಾದ ಮಾತು. ವ್ಯಾಗನ್ ಆರ್‌ಗೆ 2025ರಿಂದ ಎಲ್ಲ ಮಾದರಿಯಲ್ಲೂ ಆರು ಗಾಳಿಚೀಲ ಕೊಡುತ್ತಿದ್ದಾರೆ, ಅದನ್ನೂ ಹೇಳಬೇಕು. ಆದರೆ ಆ ಪರೀಕ್ಷೆಯ ವರದಿಯಲ್ಲಿ ಕಾರಿನ ಗೂಡೇ ಅಸ್ಥಿರ ಎಂದು ಬರೆದಿದ್ದರು. ಗೂಡು ಕುಸಿದರೆ ಚೀಲ ಎಷ್ಟಿದ್ದರೇನು?

ನಮ್ಮ ಮನೆಯವರು, "ನಾವೇನು ಗೋಡೆಗೆ ಗುದ್ದೋಕೆ ತಗೊಳ್ತಿದೀವಾ? ನಲವತ್ತರ ಮೇಲೆ ಓಡ್ಸಲ್ಲ" ಅಂದರು. ಬೈಕಿನಲ್ಲಿ ನಾವು ಮೂವತ್ತರಲ್ಲೂ ಇರಲಿಲ್ಲ ಎಂಬುದು ಇಬ್ಬರಿಗೂ ನೆನಪಾಯಿತು. ಸೀರೆಗಾರ್ಡಿನ ಮಾತು ಯಾರೂ ಆಡಲಿಲ್ಲ. ಊಟಕ್ಕೆ ಎದ್ದೆವು.

ಪಂಚ್ ಬಂದದ್ದು ಗುರುವಾರ. ತಂದ ಹುಡುಗ ಗೇಟಿನಿಂದಲೇ ತೆಲುಗಿನಲ್ಲಿ ಶುರುಮಾಡಿದ. ಅಮ್ಮ ಜಗುಲಿಯಿಂದ, "ಯಾರಪ್ಪಾ ನೀನು, ಉಂಡ್ಯಾ?" ಅಂದರು. ಹುಡುಗ ನಕ್ಕು, "ಉಂಡೆ ಕಣಜ್ಜಿ" ಅಂದ. ರೊಳ್ಳದ ಕಡೆಯವನಂತೆ. ಆಮೇಲೆ ತೆಲುಗು ಬಿಲ್ಲಿಗೆ ಮಾತ್ರ.

ಸೀಟು ಟೇಪಿಗೆ ಮೂರು ಅಂಗುಲ ಮೇಲೆ. ಅಮ್ಮ ಒಂದು ಕಾಲಿಡಲು ನೋಡಿ, "ಇದು ಎತ್ತಿನಗಾಡಿ ಹತ್ತಿದಂಗಾಯ್ತದೆ ಮಗಾ, ಆಗಾಕಿಲ್ಲ" ಅಂದು ಹಿಂದೆ ಸರಿದರು. ನಮ್ಮ ಮನೆಯವರು ನಮ್ಮ ಮುಖ ನೋಡಿದರು. ಆಗ ಆ ಹುಡುಗನೇ, "ಅಜ್ಜಿ, ಬೆನ್ನು ತಿರುಗ್ಸಿ ಕೂತ್ಕ, ಆಮೇಲೆ ಕಾಲು ಒಳಕ್ಕೆ ತಗಾ" ಅಂದ. ಆಪರೇಷನ್ ಆದಮೇಲೆ ಫಿಜಿಯೋದವರು ಹೇಳಿಕೊಟ್ಟದ್ದೂ ಇದನ್ನೇ. ಇದರ ಬಾಗಿಲು ತೊಂಬತ್ತು ಡಿಗ್ರಿ ಪೂರ್ತಿ ತೆರೆಯುತ್ತದೆ, ಹಾಗಾಗಿ ತಿರುಗಿ ನಿಲ್ಲಲು ಜಾಗವಿತ್ತು. ಮೂರು ಅಂಗುಲಕ್ಕೆ ಏನು ಮಾಡುವುದು? ಮಗ ಒಳಗೆ ಓಡಿ ಹೋಗಿ ಊಟಕ್ಕೆ ಕೂರುವ ಮಣೆ ತಂದು ಕೆಳಗಿಟ್ಟ. ಅಮ್ಮ ಮಣೆ ಮೇಲೆ ನಿಂತು, ತಿರುಗಿ, ಕೂತು, ಒಂದೊಂದೇ ಕಾಲು ಎತ್ತಿ ಒಳಗಿಟ್ಟುಕೊಂಡರು. ಒಂದು ನಿಮಿಷ ಹಿಡಿಯಿತು. ಹಿಡಿಯಲಿ.

ಗಾಡಿ ದಾರಿಯಲ್ಲಿ ಎಲ್ಲೂ ತಗುಲಲಿಲ್ಲ. ಶಾಲೆ ಮುಂದಿನ ಏರು ಎಸಿ ಹಾಕಿಕೊಂಡೇ ಹತ್ತಿತು, ಎಂಜಿನ್ನಿನ ಸದ್ದು ಮಾತ್ರ ಒಳಗೆ ಜಾಸ್ತಿ. ಹಿಂದೆ ಮೂವರು ಕೂತರೆ ನಡುವಿನವರಿಗೆ ಇಕ್ಕಟ್ಟು, ಮಗ ಆಗಲೇ ಗೊಣಗಿದ. ಹಿಂದೂಪುರ ರಸ್ತೆಗೆ ಸೇರಿದ ಮೇಲೆ ಆ ತಿರುವು ಬಂತು. ಅಮ್ಮ ಮುಂದಿನ ಸೀಟಿನಲ್ಲಿದ್ದರು. "ಒಸಿ ನಿಲ್ಸು" ಅಂದರು. ನಿಲ್ಲಿಸಿದೆವು. ಕಿಟಕಿಯಿಂದ ನೋಡಿದರು. ಅಲ್ಲಿ ನೋಡಲು ಏನೂ ಇಲ್ಲ, ಒಂದು ಹುಣಸೆ ಮರ, ಒಂದು ಕಿಲೋಮೀಟರ್ ಕಲ್ಲು. "ಹೂಂ, ನಡಿ" ಅಂದರು.

ಬುಕ್ ಮಾಡಿದೆವು. ನಮ್ಮ ಮನೆಯವರು ಎರಡು ದಿನ ಬಿಟ್ಟು ಒಪ್ಪಿದರು, ಏಳುನೂರು ರೂಪಾಯಿಯ ಲೆಕ್ಕವನ್ನು ಈಗಲೂ ಬಿಟ್ಟಿಲ್ಲ.

ಗಡಿಯವರಿಗೆ ಮಾತ್ರ ಬರುವ ತಲೆನೋವು ಒಂದಿದೆ, ಅದನ್ನೂ ಹೇಳಿ ಮುಗಿಸುತ್ತೇವೆ. ವಿಚಾರಿಸುವಾಗ ಕರ್ನಾಟಕದ ಕಡೆಯ ಒಬ್ಬರು, "ಅಲ್ಲಿ ನಿಮ್ಮ ತಂಗಿ ಇದ್ದಾರಲ್ಲ ಸಾರ್, ಅವರ ವಿಳಾಸ ಕೊಡಿ, ಕೆಎ ನಂಬರೇ ಮಾಡಿಸೋಣ" ಅಂದರು. ಕನ್ನಡದ ಬೋರ್ಡಿನ ಕೆಳಗೆ ಕೆಎ 64 ನಿಲ್ಲಿಸುವುದು ಚೆಂದವೇ. ಆದರೆ ಗಾಡಿ ಎಲ್ಲಿ ಇರುತ್ತದೋ ಅಲ್ಲಿ ನೋಂದಣಿಯಾಗಬೇಕು. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರು ಮಾಡಿಸಬೇಕೆಂದು 1988ರ ಕಾನೂನಿನ 47ನೇ ಕಲಮಿನಲ್ಲೇ ಇದೆ. ಆಗ ಇಲ್ಲಿ ಮತ್ತೆ ತೆರಿಗೆ ಕಟ್ಟಿ, ಅಲ್ಲಿ ಕಟ್ಟಿದ್ದನ್ನು ವಾಪಸು ಪಡೆಯಲು ಅಲೆಯಬೇಕು. ಹಾಜರಿ ಪುಸ್ತಕದಲ್ಲಿ ದಿನವೂ ಇಲ್ಲಿ ಸಹಿ ಹಾಕುವ ನಾವು ಅಲ್ಲಿ ವಾಸ ಎಂದು ಬರೆದುಕೊಡುವುದು ಹೇಗೆ? ಮೊದಲಾದರೆ ಅನಂತಪುರದ ಎಪಿ 02 ಆದರೂ ಇತ್ತು. 2019ರಿಂದ ರಾಜ್ಯಕ್ಕೆಲ್ಲ ಒಂದೇ ಸರಣಿ ಮಾಡಿದ್ದರಿಂದ ನಂಬರು ನೋಡಿ ಯಾವ ಊರಿನವರು ಎಂದು ಹೇಳುವುದೂ ಹೋಯಿತು. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂದೇನೂ ಇಲ್ಲ, ಹೊರಗೆ ಎರಡು ಕಡೆ ಕೇಳಿ. ಥರ್ಡ್ ಪಾರ್ಟಿ ಮಾತ್ರ 2018ರಿಂದ ಹೊಸ ಕಾರಿಗೆ ಒಮ್ಮೆಗೇ ಮೂರು ವರ್ಷಕ್ಕೆ ಕಟ್ಟಬೇಕು. ಇನ್ನೊಂದು ಮರೆಯಬೇಡಿ, ಮೇಷ್ಟ್ರೇ: ಇಷ್ಟು ದೊಡ್ಡ ಮೊತ್ತದ ವಸ್ತು ಕೊಳ್ಳುವಾಗ ನಡತೆ ನಿಯಮದ ಪ್ರಕಾರ ಇಲಾಖೆಗೆ ಬರೆದು ತಿಳಿಸಬೇಕು. ನಾವು ತೆಲುಗಿನಲ್ಲಿ ಬರೆದು ಕೊಟ್ಟೆವು, ಕೆಳಗೆ ಸಹಿ ಕನ್ನಡದಲ್ಲಿ.

ಗಾಡಿ ಬಂತು. ಆಚಾರಿ ಬೇವಿನ ಹಲಗೆಯಲ್ಲಿ ನಾಲ್ಕು ಅಂಗುಲದ ಮೆಟ್ಟಿಲು ಮಾಡಿಕೊಟ್ಟ, ಜಾರದಂತೆ ಮೇಲೆ ಹಳೆ ಟ್ಯೂಬಿನ ರಬ್ಬರು ಹೊಡೆದಿದ್ದಾನೆ. ಅದು ಡಿಕ್ಕಿಯಲ್ಲೇ ಇರುತ್ತದೆ. ಮೊದಲು ಎಲ್ಲಿಗೆ ಹೋಗೋಣ ಎಂದು ಅಮ್ಮನನ್ನು ಕೇಳಿದೆವು. ಹೇಮಾವತಿ ಸಿದ್ಧೇಶ್ವರ ಎನ್ನುತ್ತಾರೆ ಅಂದುಕೊಂಡಿದ್ದೆವು. "ಅಕ್ಕನ ಮನೆಗೆ" ಅಂದರು. ಭಾನುವಾರ ಬೆಳಿಗ್ಗೆ ಹೊರಟೆವು, ಓಡಿಸಿದವರು ನಮ್ಮ ಮನೆಯವರು. ಅಮ್ಮ ಬೆಲ್ಟು ಹಾಕಿಸಿಕೊಂಡು, ಸೆರಗು ಎರಡು ಸುತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲು ಹಾಕಿದೆಯಾ ಎಂದು ಪಾವಗಡ ಬರುವವರೆಗೆ ನಾಲ್ಕು ಸಲ ಕೇಳಿದರು.